ಮರ್ಕಟನ ಮುಪ್ಪು

ವಚನ ಸಾಹಿತ್ಯವನ್ನು ಓದುವವರಿಗೆ ಮರ್ಕಟನೆಂದೊಡನೆ ನೆನಪಿಗೆ ಬರುವುದು ಮನಸ್ಸು. ಒಂದೆಡೆ ನಿಲ್ಲಲಾರದ ಅದರ ಚಂಚಲತೆಗೆ ಇದಕ್ಕಿಂತ ಒಪ್ಪುವ ಉಪಮಾನ ಸಿಗಲಾರದು. ಆದರೆ ಹೀಗೆ ಉಪಮಾನವಾಗಿ ಬಳಕೆಗೊಂಡ ಪ್ರಾಣಿಗೂ ಒಂದು ಕಾಯವಿದೆ. ಆ ಕಾಯಕ್ಕೂ ಬಾಲ್ಯ, ಯೌವನ, ಮುಪ್ಪುಗಳಿವೆ. ಮನಸ್ಸಿನ ಮರ್ಕಟನ ಬಗೆಗೆ ಸಾವಿರಾರು ಪುಟಗಳ ವ್ಯಾಖ್ಯಾನ ಬಂದಿದೆ. ಕಾಯದ ಮರ್ಕಟನ ಆಯುಷ್ಯವನ್ನು ಕುರಿತು ವಿಚಾರ ಮಾಡಿದವರು ವಿರಳ.

ಬೆಟ್ಟದ ಮೇಲಿನ ಗುಡಿಗೆ ಮೆಟ್ಟಿಲು ಹತ್ತಿ ಹೋಗುವ ಭಕ್ತರು ದಾರಿಯಲ್ಲಿ ಮಂಗಗಳ ಹಿಂಡನ್ನು ಕಾಣದೆ ಮರಳುವುದು ಅಪರೂಪ. ತಾಯಿಯ ಹೊಟ್ಟೆಗೆ ಅಂಟಿಕೊಂಡ ಮರಿ, ಹಣ್ಣಿನ ಚೀಲಕ್ಕೆ ಹೊಂಚುಹಾಕಿ ಕುಳಿತ ಗಡವ, ಒಂದರ ಬಾಲವನ್ನೊಂದು ಎಳೆದಾಡುವ ಎಳೆಯವು ಎಲ್ಲರ ಕಣ್ಣಿಗೂ ಬೀಳುತ್ತವೆ. ಹಿಂಡಿನ ಅಂಚಿನಲ್ಲಿ ಬೆನ್ನು ಬಾಗಿಸಿ, ರೋಮ ಉದುರಿ, ಸವೆದ ಹಲ್ಲುಗಳಿಂದ ಕಡಲೆಯನ್ನು ನಿಧಾನವಾಗಿ ಅಗಿಯುತ್ತ ಕುಳಿತ ಮುದಿ ಮಂಗವನ್ನು ನೋಡುವವರು ಕಡಿಮೆ. ನೋಡಿದವರಿಗೆ ಏಳುವ ಪ್ರಶ್ನೆ ಒಂದೇ: ಇದಕ್ಕೆ ಎಷ್ಟು ವಯಸ್ಸಾಗಿರಬಹುದು?

ಪ್ರಶ್ನೆ ಸರಳವಾದುದು, ಉತ್ತರ ಸರಳವಲ್ಲ. ಕಾಡುಮಂಗಕ್ಕೆ ಜನ್ಮಪತ್ರಿಕೆಯಿಲ್ಲ. ಹಲ್ಲಿನ ಸವೆತ, ಮುಖದ ಸುಕ್ಕು, ನಡಿಗೆಯ ಬಿಗಿತ ಇವುಗಳಿಂದ ಒಂದು ಅಂದಾಜು ಹೇಳಬಹುದೇ ಹೊರತು ಖಚಿತವಾಗಿ ಹೇಳಬೇಕಾದರೆ ಅದು ಹುಟ್ಟಿದ ದಿನವನ್ನು ಯಾರಾದರೂ ಬರೆದಿಟ್ಟಿರಬೇಕು. ಅದು ಸಾಯುವವರೆಗೂ ಅದನ್ನು ಬೆನ್ನುಬಿಡದೆ ಗಮನಿಸಿರಬೇಕು. ಒಂದು ಕೋತಿಯ ಬಾಳನ್ನು ಪೂರ್ತಿಯಾಗಿ ಕಾಣಲು ಮನುಷ್ಯನು ತನ್ನ ಬಾಳಿನ ಮೂರನೆಯ ಒಂದು ಭಾಗವನ್ನು ತೆರಬೇಕಾಗುತ್ತದೆ. ಇಂಥ ತಾಳ್ಮೆಯಿಂದ ಅತಿ ಹೆಚ್ಚು ಕಾಲ ಗಮನಿಸಲ್ಪಟ್ಟ ಕೋತಿಗಳ ಪೈಕಿ ಮುಖ್ಯವಾದುದು ಭಾರತದ್ದೇ. ಕಾಶಿ, ಮಥುರೆ, ಹರಿದ್ವಾರಗಳಿಗೆ ಯಾತ್ರೆ ಹೋದವರು ಕಂಡಿರುವ ಕೆಂಪು ಮುಖದ, ಗಿಡ್ಡ ಬಾಲದ ಕೋತಿ ಅದು. ವಿಜ್ಞಾನಿಗಳು ಅದನ್ನು ರೀಸಸ್ ಕೋತಿ ಎನ್ನುತ್ತಾರೆ. ಮನುಷ್ಯರ ರಕ್ತದ ಗುಂಪನ್ನು ಹೇಳುವಾಗ ಬಳಸುವ ಆರ್‌ಎಚ್ ಎಂಬ ಅಕ್ಷರಗಳು ಬಂದದ್ದು ಈ ಪ್ರಾಣಿಯ ಹೆಸರಿನಿಂದಲೇ.

1938ರಲ್ಲಿ ಕ್ಲಾರೆನ್ಸ್ ರೇ ಕಾರ್ಪೆಂಟರ್ ಎಂಬ ಅಮೆರಿಕದ ವಿಜ್ಞಾನಿಯು ಭಾರತದಲ್ಲಿ ಹಿಡಿಸಿದ ನೂರಾರು ರೀಸಸ್ ಕೋತಿಗಳನ್ನು ಹಡಗಿನಲ್ಲಿ ಸಾಗಿಸಿದನು. ಸಮುದ್ರಗಳನ್ನು ದಾಟಿ ಅವು ತಲುಪಿದ್ದು ಕೆರಿಬಿಯನ್ ಸಮುದ್ರದ ಪೋರ್ಟೊ ರಿಕೊ ನಾಡಿನ ಪೂರ್ವ ಕರಾವಳಿಗೆ ಸಮೀಪವಿರುವ ಕಾಯೊ ಸ್ಯಾಂಟಿಯಾಗೊ ಎಂಬ ಪುಟ್ಟ ದ್ವೀಪವನ್ನು. ಹದಿನೈದು ಹೆಕ್ಟೇರಿನಷ್ಟು ನೆಲ. ಅಲ್ಲಿ ಬಿಡುಗಡೆಗೊಂಡ ಕೋತಿಗಳ ಸಂಖ್ಯೆ 409. ಇಂದು ಆ ದ್ವೀಪದಲ್ಲಿರುವ ಸಾವಿರಕ್ಕೂ ಮಿಕ್ಕ ಕೋತಿಗಳೆಲ್ಲವೂ ಅವುಗಳ ಸಂತಾನವೇ. ಭಾರತದ ಮಣ್ಣನ್ನು ಕಾಣದ ಭಾರತದ ಕೋತಿಗಳು ಅವು. ಅವುಗಳಲ್ಲಿ ಪ್ರತಿಯೊಂದಕ್ಕೂ ಗುರುತಿದೆ. ತಾಯಿ ಯಾರು, ಹುಟ್ಟಿದ್ದು ಎಂದು, ಸತ್ತದ್ದು ಎಂದು ಎಂಬ ದಾಖಲೆಯನ್ನು ದಶಕಗಳಿಂದ ಇಡುತ್ತ ಬಂದಿದ್ದಾರೆ.

ಈ ದ್ವೀಪದ ಬಾಳನ್ನು ಪೂರ್ಣ ಕಾಡಿನದೆನ್ನಲಾಗದು, ಸೆರೆಯದೆಂದೂ ಹೇಳಲಾಗದು. ಅಲ್ಲಿ ಹುಲಿ ಚಿರತೆಗಳಿಲ್ಲ. ದಿನವೂ ಆಹಾರ ಹಾಕುತ್ತಾರೆ. ಆದರೆ ಗಾಯವಾದರೆ ಔಷಧ ಹಚ್ಚುವವರಿಲ್ಲ, ಮುಪ್ಪು ಬಂದರೆ ಮೆತ್ತನೆಯ ತುತ್ತು ಕೊಡುವವರಿಲ್ಲ, ಜಗಳ ಬಿಡಿಸುವವರೂ ಇಲ್ಲ. ಒಂದೇ ಒಂದು ವಿಷಯದಲ್ಲಿ ಮನುಷ್ಯನು ಕೈಹಾಕಿದನು. ಗಾಯಗಳ ಮೂಲಕ ತಗಲುವ ಧನುರ್ವಾಯು ಅಲ್ಲಿ ಬಹಳಷ್ಟು ಕೋತಿಗಳನ್ನು ಕೊಲ್ಲುತ್ತಿತ್ತು. 1980ರ ದಶಕದಲ್ಲಿ ಅದಕ್ಕೆ ಲಸಿಕೆ ಹಾಕಲು ತೊಡಗಿದ ಮೇಲೆ ಆ ಸಾವು ನಿಂತಿತು.

ಹೀಗೆ ಬಾಳುವ ಕೋತಿ ಎಷ್ಟು ವರ್ಷ ಬದುಕುತ್ತದೆ? ಇಲ್ಲಿ ಸರಾಸರಿ ಎಂಬ ಮಾತನ್ನು ಎಚ್ಚರದಿಂದ ಬಳಸಬೇಕು. ಎಲ್ಲ ಕೋತಿಗಳಲ್ಲಿಯೂ ಹುಟ್ಟಿದ ಮರಿಗಳ ಪೈಕಿ ಗಣನೀಯ ಭಾಗವು ಮೊದಲ ವರ್ಷದಲ್ಲಿಯೇ ಸಾಯುತ್ತದೆ. ಅವುಗಳನ್ನೂ ಸೇರಿಸಿ ಲೆಕ್ಕ ಹಾಕಿದರೆ ಆಯುಷ್ಯ ಬಹಳ ಕಿರಿದಾಗಿ ಕಾಣುತ್ತದೆ. ಹಿಂದಿನ ಕಾಲದ ಜನರು ಮೂವತ್ತು ವರ್ಷಕ್ಕೇ ಮುದುಕರಾಗುತ್ತಿದ್ದರೆಂದು ಕೆಲವರು ಹೇಳುವ ತಪ್ಪು ಮಾತಿನ ಮೂಲವೂ ಇದೇ ಲೆಕ್ಕ. ಕಾಯೊ ಸ್ಯಾಂಟಿಯಾಗೊದಲ್ಲಿ ಬಾಲ್ಯವನ್ನು ದಾಟಿ ತಾಯಿಯಾಗುವ ವಯಸ್ಸಿಗೆ ಬಂದ ಹೆಣ್ಣು ಹದಿನೆಂಟರ ಆಸುಪಾಸಿನವರೆಗೆ ಬದುಕಬಹುದು. ಮೂವತ್ತರ ಹತ್ತಿರ ಬಂದವು ಬೆರಳೆಣಿಕೆಯಷ್ಟು. ಗಂಡುಗಳ ಬಾಳು ಇನ್ನಷ್ಟು ಕಿರಿದು. ಪ್ರಾಯಕ್ಕೆ ಬಂದೊಡನೆ ಹುಟ್ಟಿದ ಹಿಂಡನ್ನು ತೊರೆದು ಹೊರಗಿನ ಹಿಂಡಿನೊಳಗೆ ಸ್ಥಾನ ಗಳಿಸಬೇಕಾದ ಪಾಡು ಅವುಗಳದು.

ಅದೇ ಕೋತಿಯನ್ನು ಪ್ರಯೋಗಾಲಯದ ಗೂಡಿನಲ್ಲಿಟ್ಟರೆ ಇಪ್ಪತ್ತೈದು, ಇಪ್ಪತ್ತಾರು ವರ್ಷ ಬದುಕುವುದು ಸಾಮಾನ್ಯ. ಕೆಲವು ನಲವತ್ತನ್ನು ದಾಟುತ್ತವೆ. ಕೋತಿಯ ಒಂದು ವರ್ಷ ಮನುಷ್ಯನ ಮೂರಕ್ಕೆ ಸಮವೆಂದು ಸ್ಥೂಲವಾಗಿ ಎಣಿಸಿದರೆ ಅದು ನೂರಿಪ್ಪತ್ತರ ವೃದ್ಧಾಪ್ಯ! ಕಾಡಿನಲ್ಲಿ ಕಾಣದ ಅವಸ್ಥೆಗಳು ಗೂಡಿನಲ್ಲಿ ಒಂದೊಂದಾಗಿ ಎದುರಾಗುತ್ತವೆ: ಕಣ್ಣಿಗೆ ಪೊರೆ, ಕೀಲುಗಳಲ್ಲಿ ನೋವು, ಮೂಳೆಯ ಟೊಳ್ಳುತನ, ಸಕ್ಕರೆ ರೋಗ, ಅರ್ಬುದ. ಹೆಣ್ಣುಗಳಲ್ಲಿ ಇಪ್ಪತ್ತೈದರ ಸುಮಾರಿಗೆ ಮುಟ್ಟು ನಿಲ್ಲುತ್ತದೆ. ಹೊರಗೆ ಬಾಳುವ ಹೆಣ್ಣುಗಳಲ್ಲಿ ಬಹುತೇಕ ಅಷ್ಟು ಕಾಲ ಉಳಿಯುವುದೇ ಇಲ್ಲ.

ಹಾಗಾದರೆ ಸೆರೆಯು ಕೋತಿಗೆ ವರವಾಯಿತೆ? ಈ ಪ್ರಶ್ನೆಗೆ ಉತ್ತರ ಹುಡುಕುವ ಮುನ್ನ ಆ ಗೂಡಿನ ಒಳಗೆ ನಡೆದ ಒಂದು ದೀರ್ಘ ಪ್ರಯೋಗವನ್ನು ನೋಡಬೇಕು. ಮಿತಾಹಾರವು ಆಯುಷ್ಯವನ್ನು ಹೆಚ್ಚಿಸುವುದೇ ಎಂಬುದು ಅದರ ವಿಷಯ. ಇಲಿಗಳಲ್ಲಿ ಹೆಚ್ಚಿಸುತ್ತದೆಂದು ಮೊದಲೇ ತಿಳಿದಿತ್ತು. ಮನುಷ್ಯನಿಗೆ ಹತ್ತಿರವಾದ ಕೋತಿಯಲ್ಲಿ ಏನಾಗುತ್ತದೆಂದು ತಿಳಿಯಲು ಅಮೆರಿಕದಲ್ಲಿ ಎರಡು ಕಡೆ ಪ್ರಯೋಗಗಳು ಆರಂಭವಾದವು. ಮುಪ್ಪಿನ ಅಧ್ಯಯನಕ್ಕಾಗಿರುವ ಅಲ್ಲಿನ ರಾಷ್ಟ್ರೀಯ ಸಂಸ್ಥೆಯಲ್ಲಿ 1987ರಲ್ಲಿ, ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ 1989ರಲ್ಲಿ. ಎರಡರಲ್ಲಿಯೂ ಕೆಲವು ಕೋತಿಗಳಿಗೆ ವಾಡಿಕೆಯ ಆಹಾರ, ಉಳಿದವಕ್ಕೆ ಅದಕ್ಕಿಂತ ನೂರಕ್ಕೆ ಮೂವತ್ತರಷ್ಟು ಕಡಿಮೆ.

2009ರಲ್ಲಿ ವಿಸ್ಕಾನ್ಸಿನ್ನಿನವರು ಫಲಿತಾಂಶ ಪ್ರಕಟಿಸಿದರು. ಇಷ್ಟ ಬಂದಷ್ಟು ತಿಂದ ಕೋತಿಗಳಲ್ಲಿ ನೂರಕ್ಕೆ 37 ಮುಪ್ಪಿನ ರೋಗಗಳಿಂದ ಸತ್ತಿದ್ದವು. ಮಿತವಾಗಿ ತಿಂದವುಗಳಲ್ಲಿ 13. ಜಗತ್ತಿನ ಪತ್ರಿಕೆಗಳಲ್ಲಿ ಎರಡು ಕೋತಿಗಳ ಭಾವಚಿತ್ರಗಳು ಅಕ್ಕಪಕ್ಕದಲ್ಲಿ ಅಚ್ಚಾದವು. ಒಂದು ಸುಕ್ಕುಗಟ್ಟಿ ಕುಗ್ಗಿದ್ದು, ಮತ್ತೊಂದು ನೀಳ ಮೈಯ ಚುರುಕಾದ ಪ್ರಾಣಿ. ಎರಡಕ್ಕೂ ಹೆಚ್ಚು ಕಡಿಮೆ ಒಂದೇ ವಯಸ್ಸು. ಮಿತಾಹಾರವನ್ನು ಉಪದೇಶಿಸುವವರಿಗೆಲ್ಲ ಇದು ಸಂತೋಷದ ಸುದ್ದಿಯಾಯಿತು. ಆದರೆ ಮೂರು ವರ್ಷಗಳ ಅನಂತರ, 2012ರಲ್ಲಿ, ಇನ್ನೊಂದು ಸಂಸ್ಥೆಯವರು ತಮ್ಮ ಲೆಕ್ಕವನ್ನು ಮುಂದಿಟ್ಟರು. ಅವರಲ್ಲಿ ಕಡಿಮೆ ತಿಂದ ಕೋತಿಗಳು ಹೆಚ್ಚು ಕಾಲ ಬದುಕಿರಲಿಲ್ಲ.

ಒಂದೇ ಪ್ರಾಣಿ, ಒಂದೇ ಪ್ರಶ್ನೆ, ಎರಡು ಉತ್ತರ. ಎರಡೂ ಕಡೆಯವರು ಜಗಳಕ್ಕೆ ನಿಲ್ಲದೆ ತಮ್ಮ ದಾಖಲೆಗಳನ್ನು ಒಟ್ಟಿಗೆ ಹರಡಿಕೊಂಡು ಕುಳಿತರೆಂಬುದನ್ನು ಮೆಚ್ಚಲೇಬೇಕು. 2017ರಲ್ಲಿ ಅವರು ಕೂಡಿಯೇ ಪ್ರಕಟಿಸಿದ ಲೇಖನದಲ್ಲಿ ಭೇದದ ಕಾರಣಗಳು ಹೊರಬಂದವು. ಒಂದು ಮುಖ್ಯ ಕಾರಣ ತಟ್ಟೆಯಲ್ಲಿಯೇ ಇತ್ತು. ವಿಸ್ಕಾನ್ಸಿನ್ನಿನ ಆಹಾರದಲ್ಲಿ ನೂರಕ್ಕೆ 28.5ರಷ್ಟು ಸಕ್ಕರೆ, ಇನ್ನೊಂದು ಸಂಸ್ಥೆಯ ಆಹಾರದಲ್ಲಿ 3.9ರಷ್ಟು ಮಾತ್ರ. ಅಲ್ಲದೆ ಅಲ್ಲಿ ವಾಡಿಕೆಯ ಆಹಾರದ ಕೋತಿಗಳಿಗೂ ಅಳೆದೇ ಹಾಕುತ್ತಿದ್ದರು. ಎಂದರೆ ಅವು ಮೊದಲೇ ಮಿತಾಹಾರಿಗಳಾಗಿದ್ದವು; ಅದಕ್ಕಿಂತ ಕಡಿಮೆ ಮಾಡಿದ್ದರಿಂದ ದೊರೆತ ಲಾಭ ಅಲ್ಪ. ಅತಿಯಾಗಿ, ಸಿಹಿಯಾಗಿ ತಿಂದವುಗಳೆದುರಿಗೆ ಮಿತವಾಗಿ ತಿಂದವು ದೀರ್ಘಾಯುಗಳಂತೆ ಕಂಡವು. ಒಟ್ಟಿನಲ್ಲಿ ಮಿತಾಹಾರದಿಂದ ಆರೋಗ್ಯಕ್ಕೆ ಒಳಿತುಂಟು ಎಂಬುದನ್ನು ಇಬ್ಬರೂ ಒಪ್ಪಿದರು.

ಗುಡಿಯ ಮೆಟ್ಟಿಲುಗಳಲ್ಲಿ ಮಂಗಗಳಿಗೆ ಬಿಸ್ಕತ್ತು, ಲಾಡು, ಸಿಹಿ ಪಾನೀಯಗಳನ್ನು ನೀಡುವವರು ಈ ಸಕ್ಕರೆಯ ಲೆಕ್ಕವನ್ನು ಒಮ್ಮೆ ನೆನೆಯುವುದು ಒಳ್ಳೆಯದು. ಕೊಡುವವರ ಭಾವ ಶುದ್ಧವಾದುದೇ. ಆದರೆ ಭಾವವು ಶುದ್ಧವಾಗಿದ್ದ ಮಾತ್ರಕ್ಕೆ ತುತ್ತು ಪಥ್ಯವಾಗುವುದಿಲ್ಲ. 2017ರಲ್ಲಿ ಬ್ಯಾಂಕಾಕ್ ನಗರದಲ್ಲಿ ಪ್ರವಾಸಿಗರು ಹಾಕಿದ ತಿಂಡಿಗಳನ್ನು ತಿಂದು ಹೊಟ್ಟೆ ಜೋತುಬೀಳುವಷ್ಟು ಕೊಬ್ಬಿದ್ದ ಒಂದು ಕೋತಿಯನ್ನು ಅಲ್ಲಿನ ಅಧಿಕಾರಿಗಳು ಹಿಡಿದು ಪಥ್ಯದಲ್ಲಿಡಬೇಕಾಯಿತು. ಅದು ಸೆರೆಯ ಕೋತಿಯಲ್ಲ. ಸ್ವತಂತ್ರವಾಗಿದ್ದೂ ಸೆರೆಯ ರೋಗವನ್ನು ಪಡೆದ ಕೋತಿ.

ಈಗ ಆ ಪ್ರಯೋಗದ ಇನ್ನೊಂದು ಮುಖ. ಪ್ರತಿಯೊಂದು ಕೋತಿಯೂ ಎಷ್ಟು ತಿಂದಿತೆಂದು ಅಳೆಯಬೇಕಾದ್ದರಿಂದ ಅವುಗಳನ್ನು ಬಹುಮಟ್ಟಿಗೆ ಒಂಟಿ ಗೂಡುಗಳಲ್ಲಿ ಇಡಲಾಗಿತ್ತು. ರೀಸಸ್ ಕೋತಿಯಾದರೋ ಹುಟ್ಟಿನಿಂದ ಸಾವಿನವರೆಗೆ ಹಿಂಡಿನ ನಡುವೆ ಇರುವ ಪ್ರಾಣಿ. ಮತ್ತೊಂದರ ಮೈಯ ರೋಮವನ್ನು ಬಿಡಿಸಿ ಹೇನು ಸಿಪ್ಪುಗಳನ್ನು ಆಯ್ದು ತೆಗೆಯುವುದು ಅದರ ಪಾಲಿಗೆ ಸ್ನೇಹ, ಸಂಧಾನ, ಸಾಂತ್ವನ ಎಲ್ಲವೂ ಹೌದು. ಅದಿಲ್ಲದ ನಲವತ್ತು ವರ್ಷಗಳನ್ನು ಯಾವ ಅಳತೆಯಿಂದ ಅಳೆಯಬೇಕು? ವಿಜ್ಞಾನಿಗಳ ಪಟ್ಟಿಯಲ್ಲಿ ಆ ಕಲಮು ಇರಲಿಲ್ಲ. ಈ ಪ್ರಯೋಗಗಳಿಂದ ಮನುಷ್ಯನಿಗೆ ಬಂದ ತಿಳಿವು ಸಣ್ಣದಲ್ಲವೆಂದು ಒಪ್ಪಿದರೂ, ಅದಕ್ಕೆ ಬೆಲೆ ತೆತ್ತವರು ಯಾರೆಂಬುದನ್ನು ಮರೆಯಲಾಗದು. ಭಾರತದಿಂದ ಇಂಥ ಪ್ರಯೋಗಗಳಿಗಾಗಿ ಹಲವು ದಶಕಗಳ ಕಾಲ ಲಕ್ಷಗಟ್ಟಲೆ ಕೋತಿಗಳು ಹಡಗು, ವಿಮಾನಗಳಲ್ಲಿ ಹೊರಹೋಗಿದ್ದವು. 1978ರಲ್ಲಿ, ಮೊರಾರ್ಜಿ ದೇಸಾಯಿಯವರು ಪ್ರಧಾನಿಯಾಗಿದ್ದಾಗ, ಭಾರತ ಸರ್ಕಾರವು ಆ ರಫ್ತನ್ನು ನಿಲ್ಲಿಸಿತು.

ಸೆರೆಯ ವರದ ಪ್ರಶ್ನೆಗೆ ಮರಳೋಣ. 2021ರಲ್ಲಿ ಹಲವು ದೇಶಗಳ ಸಂಶೋಧಕರು ಕಾಡಿನಲ್ಲಿಯೂ ಮೃಗಾಲಯಗಳಲ್ಲಿಯೂ ಇರುವ ಕೋತಿ, ವಾನರಗಳ ಹಾಗೂ ಮನುಷ್ಯರ ಜನನ ಮರಣಗಳ ದಾಖಲೆಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದರು. ಅವರಿಗೆ ಕಂಡದ್ದು ಇಷ್ಟು. ಒಂದೇ ಕುಲಕ್ಕೆ ಸೇರಿದ ಪ್ರಾಣಿಗಳಲ್ಲಿ ಮುಪ್ಪಿನ ವೇಗ ಹೆಚ್ಚು ಬದಲಾಗುವುದಿಲ್ಲ. ಒಂದು ಸಮುದಾಯದ ಸರಾಸರಿ ಆಯುಷ್ಯವು ಹೆಚ್ಚಿದಾಗ ಅದಕ್ಕೆ ಮುಖ್ಯ ಕಾರಣ ಎಳೆಯವೂ ಪ್ರಾಯದವೂ ಅಕಾಲದಲ್ಲಿ ಸಾಯುವುದು ತಪ್ಪಿರುವುದೇ. ಎಂದರೆ ಪಂಜರವು ಚಿರತೆಯನ್ನು, ಹಸಿವನ್ನು, ಕೀವು ತುಂಬಿದ ಗಾಯವನ್ನು ಹೊರಗಿಟ್ಟಿತು. ಮುಪ್ಪು ಮಾತ್ರ ಹೊರಗುಳಿಯಲಿಲ್ಲ. ಅದು ಹುಟ್ಟಿನೊಡನೆಯೇ ಒಳಗೆ ಬಂದಿತ್ತು. ಕಾಡಿನಲ್ಲಿ ಅದರ ಪೂರ್ಣರೂಪ ಕಾಣಿಸದಿರಲು ಕಾರಣ, ಅಲ್ಲಿ ಮೊದಲ ದೌರ್ಬಲ್ಯವೇ ಕೊನೆಯ ದೌರ್ಬಲ್ಯವಾಗುತ್ತದೆ. ಒಂದು ದಿನ ಕೊಂಬೆಯ ಹಿಡಿತ ತಪ್ಪಿದರೆ ಮರುದಿನವಿಲ್ಲ.

ಮುದಿ ಕೋತಿಯು ಹಿಂಡಿನಲ್ಲಿ ಹೇಗೆ ಬಾಳುತ್ತದೆ ಎಂಬುದು ವರ್ಷಗಳ ಎಣಿಕೆಗಿಂತ ಹೆಚ್ಚು ಚಿಂತನೆಗೆ ಯೋಗ್ಯವಾದುದು. ರೀಸಸ್ ಕೋತಿಗಳಲ್ಲಿ ಹೆಣ್ಣಿನ ಅಂತಸ್ತು ತಾಯಿಯಿಂದ ಬರುತ್ತದೆ. ಅಚ್ಚರಿಯ ಸಂಗತಿಯೆಂದರೆ ಹೆಣ್ಣುಮಕ್ಕಳಲ್ಲಿ ಕಿರಿಯಳೇ ಅಕ್ಕಂದಿರಿಗಿಂತ ಮೇಲಿನವಳಾಗುತ್ತಾಳೆ. ಮುದಿ ತಾಯಿ ಮಾತ್ರ ಸಾಮಾನ್ಯವಾಗಿ ತನ್ನ ಸ್ಥಾನದಲ್ಲಿಯೇ ಉಳಿಯುತ್ತಾಳೆ. ಬೂದು ಮೈ ಕಪ್ಪು ಮುಖದ ಮುಸುವಗಳಲ್ಲಿ ಹಾಗಲ್ಲ. ಅಲ್ಲಿ ಪ್ರಾಯದ ಹೆಣ್ಣುಗಳದೇ ಮೇಲುಗೈ. ವಯಸ್ಸಾದಂತೆ ಹೆಣ್ಣು ಕೆಳಗಿಳಿಯುತ್ತ ಹೋಗಿ ಹಿಂಡಿನ ಅಂಚಿಗೆ ಸೇರುತ್ತದೆ.

ರಾಜಸ್ಥಾನದ ಅಬು ಪರ್ವತದಲ್ಲಿ ಸಾರಾ ಬ್ಲಾಫರ್ ಹರ್ಡಿ ಎಂಬ ಅಮೆರಿಕದ ವಿದುಷಿಯು 1971ರಿಂದ ಕೆಲವು ವರ್ಷ ಮುಸುವಗಳನ್ನು ಗಮನಿಸಿದರು. ಹೊಸದಾಗಿ ಹಿಂಡನ್ನು ಗೆದ್ದ ಗಂಡು ಮುಸುವವು ಹಿಂದಿನ ಗಂಡಿನ ಮರಿಗಳನ್ನು ಕೊಲ್ಲಲು ಎರಗುವುದುಂಟೆಂದು ಅವರು ದಾಖಲಿಸಿದ್ದು ವಿದ್ವತ್ ಲೋಕದಲ್ಲಿ ದೊಡ್ಡ ವಾದಕ್ಕೆ ಕಾರಣವಾಯಿತು. ಆ ವಾದದ ನಡುವೆ ಅವರು ಬರೆದ ಇನ್ನೊಂದು ಸಂಗತಿಯತ್ತ ಗಮನ ಹೋದದ್ದು ಕಡಿಮೆ. ಅಲ್ಲಿ ಒಂದು ಮುದಿ ಹೆಣ್ಣಿತ್ತು. ಅವರು ಅದಕ್ಕೆ ಸೋಲ್ ಎಂದು ಹೆಸರಿಟ್ಟಿದ್ದರು. ಮರಿ ಹೆರುವ ಕಾಲವನ್ನು ದಾಟಿದ್ದ ಸೋಲ್ ಹಿಂಡಿನಲ್ಲಿ ಎಲ್ಲಕ್ಕಿಂತ ಕೆಳಗಿನ ಸಾಲಿನದು. ಆಹಾರದೆಡೆಗೆ ಎಳೆಯವು ಬಂದರೆ ಜಾಗ ಬಿಟ್ಟು ಸರಿಯುವುದು ಅದರ ದಿನಚರಿ. ಆದರೆ ಹೊಸ ಗಂಡು ಒಂದು ಮರಿಯ ಮೇಲೆ ಬಿದ್ದಾಗ, ತನಗಿಂತ ಬಲಶಾಲಿಯೂ ಹರಿತವಾದ ಕೋರೆಹಲ್ಲಿನದೂ ಆದ ಆ ಗಂಡಿನ ಮೇಲೆ ಮತ್ತೊಂದು ಹೆಣ್ಣಿನೊಡಗೂಡಿ ನುಗ್ಗಿ ಮರಿಯನ್ನು ಬಿಡಿಸಿದ್ದು ಅದೇ ಸೋಲ್. ಪ್ರಾಯದ ತಾಯಂದಿರು ಹಿಂಜರಿದ ಕಡೆ ಮುದುಕಿ ಮುಂದಾಯಿತು. ಮುಂದೆ ಹೆರಬೇಕಾದ ಮರಿಗಳಿಲ್ಲದ ಪ್ರಾಣಿಯು ತನ್ನ ಬಂಧುಗಳ ಮರಿಗಾಗಿ ಹೆಚ್ಚಿನ ಅಪಾಯವನ್ನು ಎದುರಿಸಬಲ್ಲದು ಎಂಬುದು ವಿಜ್ಞಾನಿಗಳು ಕೊಡುವ ಕಾರಣ. ಕಾರಣ ಸರಿಯಿರಬಹುದು. ಅದರಿಂದ ಆ ಮುದುಕಿಯ ಧೈರ್ಯವೇನೂ ಕಿರಿದಾಗದು.

ಮುಪ್ಪಿನಲ್ಲಿ ಕೋತಿಯ ಸ್ವಭಾವವೂ ಬದಲಾಗುತ್ತದೆ. ಫ್ರಾನ್ಸ್ ದೇಶದ ರೊಕಾಮಡೂರ್ ಬಳಿಯ ಒಂದು ವಿಶಾಲವಾದ ಉದ್ಯಾನದಲ್ಲಿ ಆಫ್ರಿಕಾ ಮೂಲದ ಬಾರ್ಬರಿ ಕೋತಿಗಳಿವೆ. ಸಂಶೋಧಕರು ಅವುಗಳ ಮುಂದೆ ಹೊಸ ಆಟಿಕೆಗಳನ್ನಿಟ್ಟು ನೋಡಿ 2016ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಎಳೆಯವು ಆಟಿಕೆಗಳನ್ನು ಬಿಡದೆ ಪರೀಕ್ಷಿಸಿದವು. ಪ್ರಾಯಕ್ಕೆ ಬರುತ್ತಿದ್ದಂತೆಯೇ ಆ ಕುತೂಹಲ ಅಡಗಿತು; ಆಹಾರ ಅಡಗಿಸಿದ್ದ ಪೆಟ್ಟಿಗೆಯೊಂದು ಮಾತ್ರ ಅವುಗಳನ್ನು ಸೆಳೆಯಿತು. ಹಾಗೆಂದು ಮುದಿಯವು ಜಗತ್ತಿಗೆ ಕಿವುಡಾಗಿರಲಿಲ್ಲ. ಮರಿಯ ಚಿತ್ರವನ್ನು ಅವು ನೋಡುತ್ತಿದ್ದವು. ಗೆಳೆಯನ ಕೂಗು ಕೇಳಿದರೆ ತಿರುಗುತ್ತಿದ್ದವು. ಕಾಯೊ ಸ್ಯಾಂಟಿಯಾಗೊದಲ್ಲಿ ಇನ್ನೂರಕ್ಕೂ ಹೆಚ್ಚು ಹೆಣ್ಣುಗಳನ್ನು ಎಂಟು ವರ್ಷ ಗಮನಿಸಿದವರು 2022ರಲ್ಲಿ ಇಂಥದೇ ಮಾತನ್ನು ಹೇಳಿದರು. ವಯಸ್ಸಾದಂತೆ ಹೆಣ್ಣು ತನ್ನ ಒಡನಾಡಿಗಳ ಸಂಖ್ಯೆಯನ್ನು ಕಡಿಮೆ ಮಾಡಿಕೊಳ್ಳುತ್ತದೆ; ರಕ್ತಸಂಬಂಧಿಗಳನ್ನೂ ಬಹುಕಾಲದ ಗೆಳತಿಯರನ್ನೂ ಉಳಿಸಿಕೊಳ್ಳುತ್ತದೆ. ಉಳಿದವು ಅದನ್ನು ದೂರ ಮಾಡಿದ್ದರಿಂದ ಹೀಗಾಯಿತೆನ್ನಲಾಗದು. ಅವು ಅದರ ಬಳಿಗೆ ಬರುವುದು ಮೊದಲಿನಂತೆಯೇ ನಡೆದಿತ್ತು. ಆಯ್ಕೆ ಮುದುಕಿಯದೇ. ಮನೆಯ ಜಗುಲಿಯ ಮೇಲೆ ಕುಳಿತು, ಬಂದವರಲ್ಲಿ ಇಬ್ಬರು ಮೂವರೊಡನೆ ಮಾತ್ರ ಮನಬಿಚ್ಚಿ ಮಾತನಾಡುವ ಹಿರಿಯರನ್ನು ಕಂಡವರಿಗೆ ಇದು ಹೊಸತಾಗಿ ತೋರದು.

2017ರ ಸೆಪ್ಟೆಂಬರ್ 20ರಂದು ಮರಿಯಾ ಎಂಬ ಚಂಡಮಾರುತವು ಪೋರ್ಟೊ ರಿಕೊವನ್ನು ಬಡಿಯಿತು. ಕಾಯೊ ಸ್ಯಾಂಟಿಯಾಗೊದ ಹಸಿರಿನಲ್ಲಿ ಅರ್ಧಕ್ಕೂ ಹೆಚ್ಚು ಒಂದೇ ದಿನದಲ್ಲಿ ನಾಶವಾಯಿತು. ಕೋತಿಗಳಲ್ಲಿ ಬಹುಪಾಲು ಹೇಗೋ ಬದುಕುಳಿದವು. ಅವುಗಳ ರಕ್ತವನ್ನು ಪರೀಕ್ಷಿಸಿದವರಿಗೆ ಬೇರೊಂದು ಹಾನಿ ಕಾಣಿಸಿತು. ಬಿರುಗಾಳಿಯನ್ನು ಕಂಡ ಕೋತಿಗಳ ರೋಗನಿರೋಧಕ ಕಣಗಳು ಸರಾಸರಿ ಎರಡು ವರ್ಷ ಹೆಚ್ಚು ಮುದಿಯಾದಂತೆ ವರ್ತಿಸುತ್ತಿದ್ದವು. ಮನುಷ್ಯರ ಲೆಕ್ಕದಲ್ಲಿ ಅದು ಏಳೆಂಟು ವರ್ಷ. ಒಳ್ಳೆಯ ಆಹಾರ, ಔಷಧ, ಭದ್ರವಾದ ಗೂಡು ಇವೆಲ್ಲ ಸೇರಿಯೂ ಮುಪ್ಪನ್ನು ಹಿಂದಕ್ಕೆ ತಳ್ಳಿದ್ದು ಅಷ್ಟಕ್ಕಷ್ಟೆ. ಅದನ್ನು ಮುಂದಕ್ಕೆ ಎಳೆಯಲು ಒಂದು ಬಿರುಗಾಳಿ ಸಾಕಾಯಿತು. ಎಲ್ಲ ಕೋತಿಗಳಲ್ಲಿಯೂ ಈ ಪರಿಣಾಮ ಒಂದೇ ಸಮನಾಗಿರಲಿಲ್ಲವೆಂಬುದನ್ನೂ ಹೇಳಬೇಕು. ಕೆಲವು ಹೆಚ್ಚು ನಲುಗಿದವು, ಕೆಲವು ಅಷ್ಟಾಗಿ ನಲುಗಲಿಲ್ಲ.

ಮರಗಳು ಹೋದ ಮೇಲೆ ದ್ವೀಪದಲ್ಲಿ ನೆರಳೇ ದುರ್ಲಭವಾಯಿತು. ಬಿಸಿಲೇರಿದಾಗ ನೆಲವು ಕಾದು ನಿಲ್ಲಲಾಗದಂತಾಗುತ್ತಿತ್ತು. ರೀಸಸ್ ಕೋತಿಗಳು ಜಗಳಗಂಟಿಗಳೆಂದೇ ಹೆಸರಾದವು. ಹಿಡಿ ಆಹಾರಕ್ಕೂ ಹೊಡೆದಾಡುವ ಜಾತಿ. ಉಳಿದಿದ್ದ ಒಂದೆರಡು ಮರಗಳ ಕೆಳಗೆ, ಬೋಳು ಕಾಂಡದ ಸಣ್ಣ ನೆರಳಿನ ಪಟ್ಟಿಯಲ್ಲಿ, ಅವು ರಕ್ತ ಹರಿಸುತ್ತವೆಂದು ಕಾಯುತ್ತಿದ್ದವರಿಗೆ ಕಂಡ ನೋಟ ಬೇರೆಯಾಗಿತ್ತು. ಅವು ಮೈಗೆ ಮೈ ತಾಗಿಸಿ ಸಾಲಾಗಿ ಕುಳಿತಿದ್ದವು. ಹಿಂದೆ ಹತ್ತಿರ ಸೇರಿಸದಿದ್ದವುಗಳಿಗೂ ಪಕ್ಕದಲ್ಲಿ ಜಾಗ ಬಿಟ್ಟಿದ್ದವು. ಮುಂದಿನ ವರ್ಷಗಳಲ್ಲಿಯೂ ಇದು ಮುಂದುವರಿಯಿತು. ಹೀಗೆ ನೆರಳನ್ನು ಹಂಚಿಕೊಂಡು ಕುಳಿತ ಕೋತಿಗಳು ಹೆಚ್ಚು ಕಾಲ ಉಳಿದವೆಂದು 2024ರಲ್ಲಿ ಪ್ರಕಟವಾದ ಅಧ್ಯಯನವು ತೋರಿಸಿತು. ಬಿರುಗಾಳಿಗೆ ಮುಂಚಿನ ವರ್ಷಗಳ ಲೆಕ್ಕದಲ್ಲಿ ಇಂಥ ಲಾಭ ಕಂಡಿರಲಿಲ್ಲ.

ಆ ವರ್ಷ ತಾಯಿಯ ಹೊಟ್ಟೆಗೆ ಅಂಟಿಕೊಂಡಿದ್ದ ಹೆಣ್ಣುಮರಿಗಳಲ್ಲಿ ಉಳಿದವು ಈಗ ಪ್ರಾಯವನ್ನು ದಾಟಿವೆ. ಅವು ಹದಿನೆಂಟನ್ನು ಮುಟ್ಟುವುದು 2035ರ ಸುಮಾರಿಗೆ. ಹುಟ್ಟು ಸಾವುಗಳ ದಾಖಲೆಯನ್ನು ಹಿಡಿದವರು ಆಗಲೂ ದೋಣಿಯಲ್ಲಿ ಆ ದ್ವೀಪಕ್ಕೆ ಹೋಗಿ, ಯಾವ ಮುದುಕಿ ಯಾರ ಪಕ್ಕದಲ್ಲಿ ಕುಳಿತಿದೆಯೆಂದು ಬರೆದುಕೊಳ್ಳುವರು.